ವಿಮಾನಯಾನದ ಭಯವೂ ವ್ಯಾಪಾರಸ್ಥರ ಲೆಕ್ಕಪತ್ರವೂ

ಚಳ್ಳಕೆರೆಯ ಎಣ್ಣೆ ಗಿರಣಿ ಮಾಲೀಕರಿಗಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಸ್ಥರಿಗಾಗಲಿ ವಿಮಾನಯಾನವು ಈಗ ಐಷಾರಾಮದ ವಿಷಯವಾಗಿ ಉಳಿದಿಲ್ಲ. ಮುಂಬಯಿ, ದೆಹಲಿ, ದುಬೈಗಳ ಖರೀದಿದಾರರನ್ನು ಕಾಣಬೇಕಾದರೆ ದೇವನಹಳ್ಳಿಯ ನಿಲ್ದಾಣವೇ ಹೆಬ್ಬಾಗಿಲು. ಆದರೆ 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಪತನಗೊಂಡು, ಒಳಗಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕುಳಿದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಅಸುನೀಗಿದ ಮೇಲೆ, ವಿಮಾನ ಹತ್ತುವುದು ಕ್ಷೇಮವೇ ಎಂಬ ಸಂಶಯ ಹಲವರನ್ನು ಕಾಡುತ್ತಿದೆ. ಈ ಸಂಶಯವನ್ನು ಲೆಕ್ಕಿಗನ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಭಯದ ಪ್ರಮಾಣ

ಕರ್ನಾಟಕಕ್ಕೆ ಈ ಶೋಕ ಹೊಸದಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಬಳಿ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಬಿದ್ದು 92 ಮಂದಿ ಮಡಿದರು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ಮೀರಿ ಕಮರಿಗೆ ಉರುಳಿ 158 ಮಂದಿ ಮೃತರಾದರು; ಎಂಟು ಮಂದಿ ಉಳಿದರು. ನಿಯಮದಂತೆ ಇಳಿಯಲಾಗದ ಸ್ಥಿತಿಯಲ್ಲಿಯೂ ಮುಖ್ಯ ಪೈಲಟ್ ವಿಮಾನವನ್ನು ಮತ್ತೆ ಮೇಲೇರಿಸಲಿಲ್ಲ, ಸಹಪೈಲಟ್‌ನ ಎಚ್ಚರಿಕೆಯನ್ನು ಲೆಕ್ಕಿಸಲಿಲ್ಲ ಎಂದು ತನಿಖೆ ತಿಳಿಸಿತು.

ಇದರೊಡನೆ ಮತ್ತೊಂದು ಅಂಕಿಯನ್ನೂ ಇಟ್ಟು ನೋಡಬೇಕು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಚಳ್ಳಕೆರೆಯಿಂದ ದೇವನಹಳ್ಳಿಯವರೆಗಿನ ರಾತ್ರಿಯ ಕಾರು ಪಯಣಕ್ಕೆ ಅಂಜದವರು ವಿಮಾನದ ಮೆಟ್ಟಿಲಲ್ಲಿ ಅಂಜುವುದು ಲೆಕ್ಕಕ್ಕೆ ಕೂಡುವುದಿಲ್ಲ. 2024ರ ಅಕ್ಟೋಬರಿನಲ್ಲಿ ನೂರಾರು ವಿಮಾನಗಳಿಗೆ ಬಂದ ಬಾಂಬ್ ಬೆದರಿಕೆಗಳೂ ಹುಸಿಯಾಗಿದ್ದವು. ನಷ್ಟವಾದದ್ದು ಸಮಯ ಮತ್ತು ಹಣ.

ವಿಮಾನಯಾನದಲ್ಲಿ ಪ್ರತಿ ಅವಘಡವೂ ತನಿಖೆಗೆ ಒಳಪಡುತ್ತದೆ ಎಂಬುದು ಸಮಾಧಾನದ ಸಂಗತಿ. ನಮ್ಮ ಚಳ್ಳಕೆರೆಯ ಬಯಲಿನ ಡಿ.ಆರ್.ಡಿ.ಒ. ವೈಮಾನಿಕ ಪರೀಕ್ಷಾ ವಲಯ ಇರುವುದೇ ಪರೀಕ್ಷಿಸಿ, ದೋಷ ಕಂಡು, ತಿದ್ದುವುದಕ್ಕಾಗಿ. 2019ರಲ್ಲಿ ನಮ್ಮ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯಲ್ಲಿ ಬಿದ್ದದ್ದು ಹಾಗೆ ಪರೀಕ್ಷೆಗೊಳಗಾಗಿದ್ದ ಚಾಲಕರಹಿತ ವಿಮಾನವೇ.

ಪರಿಹಾರದ ಲೆಕ್ಕ

ಹಾಗಾದರೆ ವ್ಯಾಪಾರಸ್ಥರು ನಿಜಕ್ಕೂ ಚಿಂತಿಸಬೇಕಾದುದು ಯಾವುದು? ಅಪರೂಪದ ಆ ದುರಂತ ಸಂಭವಿಸಿದರೆ ಮನೆಯವರ ಗತಿಯೇನು ಎಂಬುದನ್ನು. ಭಾರತವು 2009ರಲ್ಲಿ ಮಾಂಟ್ರಿಯಲ್ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರಂತೆ ಅಂತಾರಾಷ್ಟ್ರೀಯ ಯಾನದಲ್ಲಿ ಪ್ರಯಾಣಿಕ ಮೃತನಾದರೆ, 2024ರ ಡಿಸೆಂಬರ್ 28ರಿಂದ 1,51,880 ಎಸ್.ಡಿ.ಆರ್.ವರೆಗಿನ ಹಾನಿಗೆ ಕಂಪನಿ ತಪ್ಪು ಮಾಡದಿದ್ದರೂ ಹೊಣೆ. ರೂಪಾಯಿಯಲ್ಲಿ ಇದು ಒಂದೂವರೆ ಕೋಟಿಯನ್ನು ಮೀರುತ್ತದೆ. ಅದಕ್ಕೂ ಹೆಚ್ಚಿನ ಹಾನಿಯ ಹೊಣೆಯಿಂದ ತಪ್ಪಿಸಿಕೊಳ್ಳಲು ಕಂಪನಿಯೇ ತನ್ನ ನಿರ್ಲಕ್ಷ್ಯವಿರಲಿಲ್ಲವೆಂದು ಸಾಬೀತುಪಡಿಸಬೇಕು.

ಆದರೆ ಈ ಮೊತ್ತ ತಾನಾಗಿ ಕೈಸೇರುವಂಥದ್ದಲ್ಲ. ಹಾನಿಯ ಪ್ರಮಾಣವನ್ನು ವಾರಸುದಾರರು ರುಜುವಾತುಪಡಿಸಬೇಕೆಂದು ಮಂಗಳೂರು ದುರಂತದ ಪ್ರಕರಣದಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠ 2011ರಲ್ಲಿ ಹೇಳಿತು. ಅದೇ ದುರಂತದಲ್ಲಿ ಮೃತರಾದ ಕಂಪನಿ ಅಧಿಕಾರಿಯೊಬ್ಬರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ಪರಿಹಾರ ನಿಗದಿಪಡಿಸಿತು. ಭತ್ಯೆಗಳನ್ನೂ ಆದಾಯವೆಂದೇ ಎಣಿಸಬೇಕೆಂದಿತು. ಇದು ಸಾಧ್ಯವಾದದ್ದು ವೇತನದ ದಾಖಲೆ ಇದ್ದುದರಿಂದ.

ನಮ್ಮಲ್ಲಿ ಎಷ್ಟು ಮಂದಿಗೆ ಅಂಥ ದಾಖಲೆಯಿದೆ? ವರ್ಷಕ್ಕೆ ಇಪ್ಪತ್ತು ಲಕ್ಷ ದುಡಿದು ಐದು ಲಕ್ಷವೆಂದು ರಿಟರ್ನ್ ಸಲ್ಲಿಸಿದವರ ಆದಾಯವನ್ನು ನ್ಯಾಯಾಲಯ ಐದು ಲಕ್ಷವೆಂದೇ ಎಣಿಸುವ ಸಂಭವ ಹೆಚ್ಚು. ತೆರಿಗೆಯಲ್ಲಿ ಉಳಿಸಿದ ಹಣ ಹೀಗೆ ಹೆಂಡತಿ ಮಕ್ಕಳ ಪಾಲಿನಿಂದ ಹಲವು ಪಟ್ಟು ಕಳೆದುಹೋಗುತ್ತದೆ. ದಾವೆ ಹೂಡಲು ಇರುವ ಅವಧಿ ಎರಡೇ ವರ್ಷವೆಂಬುದೂ ಮನೆಯವರಿಗೆ ತಿಳಿದಿರಬೇಕು.

ಸರಕು ಮತ್ತು ಪಾಲುದಾರಿಕೆ

ಮೊಳಕಾಲ್ಮೂರಿನ ಸೀರೆಯನ್ನು ವಿದೇಶಕ್ಕೆ ವಿಮಾನದಲ್ಲಿ ಕಳುಹಿಸುವವರು ಇನ್ನೊಂದು ನಿಯಮವನ್ನು ಗಮನಿಸಬೇಕು. ಸರಕು ಕಳೆದರೆ ಅಥವಾ ಕೆಟ್ಟರೆ ಒಡಂಬಡಿಕೆಯ ಹೊಣೆ ಕಿಲೋಗೆ 26 ಎಸ್.ಡಿ.ಆರ್. ಮಾತ್ರ, ಅಂದರೆ ಮೂರು ಸಾವಿರ ರೂಪಾಯಿಯ ಆಸುಪಾಸು. ಇಲ್ಲಿ ಗಣನೆಗೆ ಬರುವುದು ತೂಕ, ಬೆಲೆಯಲ್ಲ. ನೇಕಾರನ ಹಲವು ದಿನಗಳ ದುಡಿಮೆ ಈ ಲೆಕ್ಕದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಸರಕು ಒಪ್ಪಿಸುವಾಗಲೇ ಹೆಚ್ಚುವರಿ ಶುಲ್ಕ ತೆತ್ತು ಮೌಲ್ಯವನ್ನು ಘೋಷಿಸಬೇಕು, ಇಲ್ಲವೇ ಸಾಗಣೆ ವಿಮೆ ಮಾಡಿಸಬೇಕು. ಸರಕು ಹಾಳಾಗಿದ್ದರೆ ಕೈಸೇರಿದ 14 ದಿನಗಳೊಳಗೆ ಲಿಖಿತ ದೂರು ಕೊಡತಕ್ಕದ್ದು.

ಪಾಲುದಾರರೆಲ್ಲರೂ ಒಂದೇ ವಿಮಾನದಲ್ಲಿ ಹೋಗುವ ರೂಢಿಯೂ ಸರಿಯಲ್ಲ. 1932ರ ಪಾಲುದಾರಿಕೆ ಕಾಯ್ದೆಯ 42ನೇ ಕಲಮಿನಂತೆ, ಕರಾರುಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಪಾಲುದಾರನೊಬ್ಬನ ಮರಣದಿಂದಲೇ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದಲ್ಲಿ ಕರಾರಿನಿಂದಲೂ ಅದನ್ನು ಉಳಿಸಲಾಗದು. ಅಂಥವರು ಉತ್ತರಾಧಿಕಾರದ ಏರ್ಪಾಡನ್ನು ಮೊದಲೇ ಯೋಚಿಸುವುದು ಲೇಸು.

ವಿಮಾನದ ಕ್ಷೇಮವನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ. ಅವರು ತಪ್ಪಿದಾಗ ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಸರಿಯಾದ ರಿಟರ್ನ್, ಚಾಲ್ತಿಯಲ್ಲಿರುವ ವಿಮೆ, ನಾಮನಿರ್ದೇಶನ, ಸ್ಪಷ್ಟವಾದ ಕರಾರುಪತ್ರ, ಇವುಗಳನ್ನು ನಮಗಾಗಿ ಬೇರೆ ಯಾರೂ ಸಿದ್ಧಪಡಿಸುವುದಿಲ್ಲ. ಮುಂದಿನ ಟಿಕೆಟು ಕೊಳ್ಳುವ ಮುನ್ನ ಈ ನಾಲ್ಕು ಕಾಗದಗಳನ್ನು ಒಮ್ಮೆ ತೆರೆದು ನೋಡುವುದು ಒಳಿತು.