ಶಸ್ತ್ರಚಿಕಿತ್ಸೆಯ ಮುನ್ನಾದಿನ

ನಮ್ಮ ಪ್ರಾಚೀನ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನಾದ ಸುಶ್ರುತನು ಶಸ್ತ್ರಕರ್ಮವನ್ನು ಮೂರು ಭಾಗವಾಗಿ ವಿಂಗಡಿಸಿದ್ದಾನೆ: ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ. ಶಸ್ತ್ರವನ್ನು ಪ್ರಯೋಗಿಸುವುದು ಪ್ರಧಾನಕರ್ಮ. ಅದಕ್ಕೆ ಮೊದಲು ಸಾಮಗ್ರಿಗಳನ್ನು ಒದಗಿಸಿಕೊಂಡು ರೋಗಿಯನ್ನು ಅಣಿಮಾಡುವುದು ಪೂರ್ವಕರ್ಮ. ಯಾವ ಯಾವ ರೋಗಗಳಲ್ಲಿ ಉಣ್ಣದಿರುವವನಿಗೇ ಶಸ್ತ್ರಕರ್ಮವನ್ನು ಮಾಡತಕ್ಕದ್ದು ಎಂಬುದನ್ನೂ ಆತನು ಹೇಳದೆ ಬಿಟ್ಟಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಓದಿದಾಗ, ಈ ವಿಂಗಡಣೆಯು ಶಾಸ್ತ್ರಕಾರರ ಕ್ರಮಪ್ರಿಯತೆ ಮಾತ್ರವೆಂದು ನಾವು ಬಗೆದಿದ್ದೆವು. ಅದರ ಅರ್ಥವು ನಮಗೆ ಮನದಟ್ಟಾದದ್ದು ಎಷ್ಟೋ ವರುಷಗಳ ಮೇಲೆ, ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳುವ ಒಂದು ದೊಡ್ಡ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ.

ನಮ್ಮ ತಂಗಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಆಪರೇಷನ್ನಿಗೆ ದಿನ ಗೊತ್ತಾಯಿತು. ರಾತ್ರಿಯ ಊಟದ ತರುವಾಯ ಆಕೆ ನೀರನ್ನೂ ಮುಟ್ಟಲಿಲ್ಲ. ಬೆಳಗ್ಗೆ ಹಸಿರು ನಿಲುವಂಗಿಯನ್ನು ತೊಡಿಸಿದರು. ಬಳೆಗಳನ್ನೂ ತಾಳಿಯನ್ನೂ ತೆಗೆಸಿದಾಗ ಮಗಳು ಅವನ್ನು ಸೆರಗಿನ ತುದಿಯಲ್ಲಿ ಗಂಟುಕಟ್ಟಿಕೊಂಡಳು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಎರಡು ಗಂಟೆಯ ಮೇಲೆ ವಾರ್ಡಿನ ಆಳೊಬ್ಬನು ಬಂದು, "ಇವತ್ತು ಇಲ್ಲಮ್ಮ, ಊಟ ಮಾಡಿ" ಎಂದು ಹೇಳಿ ಹೊರಟುಹೋದನು. ಏಕೆಂಬುದನ್ನು ಹೇಳಲಿಲ್ಲ, ಅವನಿಗೂ ಅದು ತಿಳಿದಿರಲಾರದು.

ಆಕೆಗೆ ಹಸಿವಿನಿಂದಾದ ಸಂಕಟಕ್ಕಿಂತ ಆ ಮೌನದಿಂದಾದ ಸಂಕಟವೇ ಹೆಚ್ಚಾಯಿತು. "ಅಣ್ಣಾ, ನನ್ನ ಕಾಯಿಲೆ ಕೈಮೀರಿದೆಯೇನೋ, ಅದಕ್ಕೇ ಡಾಕ್ಟರು ಬೇಡವೆಂದಿರಬೇಕು" ಎಂದಳು. ಕಾರಣವನ್ನು ತಿಳಿಸದಿದ್ದರೆ ರೋಗಿಯು ತಾನೇ ಒಂದನ್ನು ಕಲ್ಪಿಸಿಕೊಳ್ಳುವನು. ಕಲ್ಪಿಸಿಕೊಂಡದ್ದು ನಿಜಕ್ಕಿಂತ ಘೋರವಾಗಿಯೇ ಇರುವುದು. ಸಂಜೆ ಒಬ್ಬ ಕಿರಿಯ ವೈದ್ಯರನ್ನು ಕಂಡು ವಿಚಾರಿಸಿದೆವು. "ಕರುಳು ತೂತಾದ ಹುಡುಗನೊಬ್ಬನನ್ನು ಬೆಳಗ್ಗೆ ಕರೆತಂದರು, ಮೇಷ್ಟ್ರೇ. ಅವನನ್ನು ಕಾಯಿಸುವ ಹಾಗಿರಲಿಲ್ಲ" ಎಂದರು. ಅವರೂ ಬೆಳಗಿನಿಂದ ಏನನ್ನೂ ತಿಂದಿರಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. ಈ ಮಾತನ್ನು ತಿಳಿಸಿದ ಕೂಡಲೆ ನಮ್ಮ ತಂಗಿಯು, "ಹುಡುಗ ಉಳಿದನೇ?" ಎಂದು ಕೇಳಿದಳು. ಆಕೆಯ ಕಳವಳವು ಅಲ್ಲಿಗೇ ಅಡಗಿತು.

ಇಂತಹ ಆಸ್ಪತ್ರೆಗಳಲ್ಲಿ ಸರದಿಯು ತಪ್ಪುವುದಕ್ಕೆ ಕಾರಣಗಳು ಹಲವು. ಮೊದಲನೆಯವು ಅನಿವಾರ್ಯವಾದವು. ಪ್ರಾಣಾಪಾಯದಲ್ಲಿರುವವನು ಬಂದರೆ ಕಾಯಬಲ್ಲವನು ಕಾಯಲೇಬೇಕು. 2020ರಲ್ಲಿ ಕೋವಿಡ್ ಹಬ್ಬಿದಾಗ, ಅತ್ಯಂತ ತೊಡಕಿನ 12 ವಾರಗಳಲ್ಲಿ ಲೋಕದಾದ್ಯಂತ ಸುಮಾರು 2 ಕೋಟಿ 84 ಲಕ್ಷ ಶಸ್ತ್ರಚಿಕಿತ್ಸೆಗಳು ನಿಲ್ಲುವುವೆಂದು ವೈದ್ಯಸಂಶೋಧಕರು ಅಂದಾಜು ಮಾಡಿದ್ದರು. ಇದಕ್ಕೆ ಯಾರನ್ನು ದೂರುವುದು?

ಎರಡನೆಯವು ಆಸ್ಪತ್ರೆಗೆ ಸೇರಿದವು. ಒಂದು ದಿನಕ್ಕೆ ಆಗುವುದಕ್ಕಿಂತ ಹೆಚ್ಚು ಹೆಸರುಗಳನ್ನು ಪಟ್ಟಿಯಲ್ಲಿ ಬರೆಯುವುದು, ರಕ್ತ ಸಿದ್ಧವಿಲ್ಲದಿರುವುದು, ತೀವ್ರನಿಗಾ ಘಟಕದಲ್ಲಿ ಹಾಸಿಗೆ ತೆರವಾಗದಿರುವುದು, ಅರಿವಳಿಕೆಯ ವೈದ್ಯರು ಸಾಲದಿರುವುದು ಮೊದಲಾದವು. ಕಲಿಯುವ ವೈದ್ಯನು ಗುರುವಿನ ಕಣ್ಣೆದುರಿಗೆ ಶಸ್ತ್ರ ಹಿಡಿದಾಗ, ಒಂದು ಗಂಟೆಯ ಕೆಲಸವು ಎರಡು ಗಂಟೆ ಹಿಡಿಯುವುದುಂಟು. ಶಾಲೆಯ ವೇಳಾಪಟ್ಟಿಗಳನ್ನು ಬರೆದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ: ಕಲಿಸುವ ಕೆಲಸವು ಗಂಟೆ ಬಾರಿಸಿದೊಡನೆ ಮುಗಿಯದು. ಹಾಗೆಂದು ತಿಳಿದೂ ಆ ಅವಕಾಶವನ್ನು ಪಟ್ಟಿಯಲ್ಲಿ ಇಡದಿರುವುದು ಲೋಪವೇ ಸರಿ. ಅಲ್ಲಿ ಒಂದೊಂದು ಯೂನಿಟ್ಟಿಗೂ ವಾರದಲ್ಲಿ ಗೊತ್ತಾದ ದಿನಗಳಿರುವುದರಿಂದ, ಇಂದು ತಪ್ಪಿದ ಸರದಿಯು ನಾಳೆ ಬರುವುದಿಲ್ಲ. ಮುಂದಿನ ಸರದಿಯವರೆಗೆ ಕೂಲಿಯವನ ಮನೆಯಲ್ಲಿ ಒಲೆಯೇ ಆರಿರಬಹುದು.

ಮೂರನೆಯವು ನಮ್ಮವು. ಇದನ್ನು ಸಂಕೋಚದಿಂದಲೇ ಬರೆಯಬೇಕಾಗಿದೆ. ಒಮ್ಮೆ ತಪ್ಪಿತೆಂಬ ಕನಿಕರದಿಂದ ಮುಂದಿನ ವಾರ ನಮ್ಮ ತಂಗಿಯ ಹೆಸರನ್ನು ಪಟ್ಟಿಯ ಮೊದಲಿಗೇ ಬರೆದಿದ್ದರು. ಹಿಂದಿನ ಸಲ ಆಕೆ ಬಳಲಿದ್ದನ್ನು ನೆನೆದು, ಬೆಳಗಿನ ಐದು ಗಂಟೆಗೆ ನಾವೇ ಒಂದು ಲೋಟ ಹಾಲುಕಾಫಿಯನ್ನು ಕೊಟ್ಟೆವು. ಅರಿವಳಿಕೆಯ ವೈದ್ಯರು ಕೇಳಿದಾಗ ಆಕೆ ಸುಳ್ಳಾಡಲಿಲ್ಲ. "ಮಧ್ಯಾಹ್ನ ಬಿಡುವಾದರೆ ನೋಡೋಣ" ಎಂದರು, ಬಿಡುವಾಗಲಿಲ್ಲ. ಆ ದಿನ ಆಕೆಯ ಮುಖವನ್ನು ನೋಡುವುದಕ್ಕೆ ನಮಗೆ ಧೈರ್ಯ ಸಾಲಲಿಲ್ಲ.

ಒಂದು ಲೋಟ ಕಾಫಿಗೆ ಇಷ್ಟೇಕೆ ಎನ್ನಬಹುದು. ಅರಿವು ತಪ್ಪಿಸಿದಾಗ ಗಂಟಲಿನ ಕಾವಲೂ ನಿದ್ರಿಸುವುದು. ಹೊಟ್ಟೆಯಲ್ಲಿದ್ದದ್ದು ಮೇಲೆದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹೆರಿಗೆಯ ವೇಳೆ ಅರಿವಳಿಕೆ ಪಡೆದ ಸ್ತ್ರೀಯರಲ್ಲಿ ಹೀಗಾದುದನ್ನು ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ವಿವರಿಸಿದನು. ಲಘುವಾದ ಆಹಾರವಾದ ಮೇಲೆ 6 ಗಂಟೆ, ಕರಿದದ್ದಾದರೆ 8 ಗಂಟೆ ಕಳೆಯಬೇಕೆಂಬುದು ಅಮೆರಿಕದ ಅರಿವಳಿಕೆ ವೈದ್ಯರ ಸಂಘದ ನಿಯಮ. ಹಾಲು ಅಲ್ಲಿ ಆಹಾರದ ಲೆಕ್ಕಕ್ಕೇ ಸೇರಿದೆ. ತಿಳಿನೀರಿಗಾದರೋ 2 ಗಂಟೆಯೇ ಸಾಕು. ಆದುದರಿಂದ, ಸಾಮಾನ್ಯವಾಗಿ ಆರೋಗ್ಯವಾಗಿರುವವರು ರಾತ್ರಿಯಿಡೀ ನೀರಿಲ್ಲದೆ ಒಣಗಬೇಕಾದ ಅಗತ್ಯವೂ ಇಲ್ಲ, ಮರುಕದಿಂದ ಕಾಫಿಯನ್ನು ಕೊಡುವ ಅಗತ್ಯವೂ ಇಲ್ಲ; ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ವೈದ್ಯರನ್ನೇ ಕೇಳತಕ್ಕದ್ದು.

ಗೃಹಿಣಿಯರು ಮುನ್ನಾದಿನ ಗಮನಿಸಬೇಕಾದ ಸಂಗತಿಗಳು ಇನ್ನೂ ಕೆಲವುಂಟು. ನಿತ್ಯ ಸೇವಿಸುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಬೇಕು. ರಕ್ತವನ್ನು ತೆಳುವಾಗಿಸುವ ಕೆಲವು ಔಷಧಗಳನ್ನು ದಿನಗಳ ಮುಂಚೆಯೇ ನಿಲ್ಲಿಸಬೇಕಾಗುವುದು. ರಕ್ತದ ಒತ್ತಡದ ಮಾತ್ರೆಗಳಲ್ಲಿ ಹಲವನ್ನು ಆ ಬೆಳಗ್ಗೆಯೂ ಒಂದು ಗುಟುಕು ನೀರಿನೊಡನೆ ನುಂಗಬೇಕಾಗುವುದು. ಯಾವುದು ಯಾವುದೆಂಬುದನ್ನು ನಾವೇ ನಿಶ್ಚಯಿಸಬಾರದು. ಜ್ವರವೋ ಕೆಮ್ಮೋ ಬಂದಿದ್ದರೆ ಮುಚ್ಚಿಡದೆ ಹಿಂದಿನ ದಿನವೇ ತಿಳಿಸಿದರೆ, ಆ ಸರದಿಯಾದರೂ ಮತ್ತೊಬ್ಬನಿಗೆ ದೊರೆಯುವುದು.

ಆಸ್ಪತ್ರೆಯವರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಇಂಗ್ಲೆಂಡಿನ ಸರಕಾರೀ ಆಸ್ಪತ್ರೆಗಳಲ್ಲಿ, ರೋಗಿಯ ದೇಹಸ್ಥಿತಿಯಲ್ಲದ ಕಾರಣದಿಂದ ಕೊನೆಯ ಗಳಿಗೆಯಲ್ಲಿ ಸರದಿಯನ್ನು ರದ್ದುಪಡಿಸಿದರೆ, 28 ದಿನಗಳೊಳಗೆ ಮತ್ತೊಂದು ದಿನವನ್ನು ಕೊಡಬೇಕು. ಇಲ್ಲವೆ ರೋಗಿಯು ಬಯಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆಯ ವೆಚ್ಚವನ್ನು ಭರಿಸಬೇಕು. ಅಷ್ಟು ದೊಡ್ಡ ವ್ಯವಸ್ಥೆಯಾಗುವುದಕ್ಕೆ ಹಣವೂ ಕಾಲವೂ ಬೇಕು. ಆದರೆ ಹಾಸಿಗೆಯ ಬಳಿಗೆ ಬಂದು, "ಈ ಕಾರಣದಿಂದ ಇಂದು ಆಗಲಿಲ್ಲ; ನಿಮ್ಮ ಕಾಯಿಲೆ ಕೈಮೀರಿಲ್ಲ; ಇಂಥ ದಿನ ಮಾಡುವೆವು" ಎಂದು ಹೇಳುವುದಕ್ಕೆ ಒಂದು ಕಾಸೂ ತಗುಲದು. ಗೊತ್ತಾದ ಕೂಡಲೆ ಹೇಳಿದರೆ ಹಸಿದವರು ಉಣ್ಣುವರು.

ಮೂರನೆಯ ಸಲ ನಮ್ಮ ತಂಗಿಯ ಆಪರೇಷನ್ನು ನಿರ್ವಿಘ್ನವಾಗಿ ನೆರವೇರಿತು. ಆ ಹಿಂದಿನ ರಾತ್ರಿ ಆಕೆಯೇ ನಮ್ಮನ್ನು ಕರೆದು, "ಅಣ್ಣಾ, ಫ್ಲಾಸ್ಕನ್ನು ಮನೆಗೆ ತೆಗೆದುಕೊಂಡು ಹೋಗಿಬಿಡು" ಎಂದಳು. ನಾವು ಮರುಮಾತಿಲ್ಲದೆ ತೆಗೆದುಕೊಂಡು ಹೋದೆವು. ಪೂರ್ವಕರ್ಮದಲ್ಲಿ ನಮ್ಮ ಪಾಲಿಗೆ ಬಂದದ್ದು ಅಷ್ಟೇ. ಆದರೆ ಅಷ್ಟನ್ನು ನಮ್ಮ ಹೊರತು ಮತ್ತಾರೂ ಮಾಡುವಂತಿರಲಿಲ್ಲ.