ವಿದೇಶಿ ಪಾವತಿಯ ಕೊರತೆ: ಕಾರಣ ಮತ್ತು ಪರಿಹಾರ

ಸರಕುಗಳ ಆಮದು-ರಫ್ತು, ಸೇವೆಗಳ ವಹಿವಾಟು, ಬಡ್ಡಿ, ಲಾಭಾಂಶ ಹಾಗೂ ಹೊರನಾಡಿನಲ್ಲಿ ದುಡಿಯುವವರು ಸ್ವದೇಶಕ್ಕೆ ಕಳುಹಿಸುವ ಹಣ, ಇವೆಲ್ಲವೂ ಒಂದು ದೇಶದ ಚಾಲ್ತಿ ಖಾತೆಯಲ್ಲಿ ಸೇರುತ್ತವೆ. ಹೊರಗಿನಿಂದ ಬರುವ ಹಣಕ್ಕಿಂತ ಹೊರಗೆ ಹೋಗುವ ಹಣ ಹೆಚ್ಚಾದಾಗ ಈ ಖಾತೆಯಲ್ಲಿ ಕೊರತೆ ಉಂಟಾಗುತ್ತದೆ. ಕೊರತೆಯೆಲ್ಲವೂ ಕೆಡುಕಲ್ಲ. ಆಮದಾದ ಯಂತ್ರಗಳು ಉತ್ಪಾದನೆಯನ್ನು ಹೆಚ್ಚಿಸಿದರೆ ಅದರ ಋಣವನ್ನು ಮುಂದೆ ತೀರಿಸಬಹುದು. ಅಲ್ಪಾವಧಿ ಸಾಲದಿಂದ ಕೊರತೆಯನ್ನು ತುಂಬುತ್ತ ಹೋದಾಗಲೇ ಅಪಾಯ.

ಭಾರತಕ್ಕೆ ಈ ಅನುಭವವಾದದ್ದು 1990-91ರಲ್ಲಿ. ಸರ್ಕಾರದ ವೆಚ್ಚವು ಆದಾಯವನ್ನು ಬಹುವಾಗಿ ಮೀರಿತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದೊಡನೆ ತೈಲದ ಬೆಲೆ ಏರಿತು. ಅನಿವಾಸಿ ಭಾರತೀಯರು ಠೇವಣಿಗಳನ್ನು ಹಿಂತೆಗೆಯತೊಡಗಿದರು. ಚಾಲ್ತಿ ಖಾತೆಯ ಕೊರತೆ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇಕಡ 3ರಷ್ಟಾಯಿತು. 1991ರ ಮಧ್ಯಭಾಗದಲ್ಲಿ ಉಳಿದಿದ್ದ ವಿದೇಶಿ ವಿನಿಮಯವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಆ ವರ್ಷದ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಒತ್ತೆಯಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ಪಡೆಯಿತು.

ಒತ್ತೆಯಿಂದ ದೊರೆತದ್ದು ಕಾಲಾವಕಾಶ ಮಾತ್ರ. ಕೊರತೆ ನೀಗಬೇಕಾದರೆ ಎರಡು ಕ್ರಮಗಳು ಜೊತೆಯಾಗಿ ನಡೆಯಬೇಕು. ಮೊದಲನೆಯದು, ಒಟ್ಟು ವೆಚ್ಚವನ್ನು ತಗ್ಗಿಸುವುದು: ಸರ್ಕಾರ ತನ್ನ ಖರ್ಚನ್ನು ಕಡಿಮೆ ಮಾಡಿದಾಗ ಆಮದಿನ ಬೇಡಿಕೆಯೂ ಕುಗ್ಗುತ್ತದೆ. ಎರಡನೆಯದು, ವೆಚ್ಚದ ದಿಕ್ಕನ್ನು ವಿದೇಶಿ ಸರಕಿನಿಂದ ಸ್ವದೇಶಿ ಸರಕಿನತ್ತ ತಿರುಗಿಸುವುದು. ಇದಕ್ಕೆ ಮುಖ್ಯ ಸಾಧನ ವಿನಿಮಯ ದರ. 1991ರ ಜುಲೈ 1 ಮತ್ತು 3ರಂದು ರೂಪಾಯಿಯ ಅಪಮೌಲ್ಯವಾದಾಗ, ಸುಮಾರು 21 ರೂಪಾಯಿಯಿದ್ದ ಡಾಲರಿನ ಬೆಲೆ 26 ರೂಪಾಯಿಯ ಸಮೀಪಕ್ಕೆ ಬಂದಿತು. ನೂರು ಡಾಲರಿನ ಸರಕು ರಫ್ತು ಮಾಡಿದವನಿಗೆ 2,100 ರೂಪಾಯಿಯ ಬದಲು ಸುಮಾರು 2,600 ರೂಪಾಯಿ ದೊರೆಯಿತು. ಆಮದುದಾರನು ಅಷ್ಟೇ ಹೆಚ್ಚು ತೆರಬೇಕಾಯಿತು. ವೆಚ್ಚವನ್ನು ತಗ್ಗಿಸದೆ ಅಪಮೌಲ್ಯವೊಂದನ್ನೇ ಮಾಡಿದರೆ ದೇಶದೊಳಗಿನ ಬೆಲೆಯೇರಿಕೆಯು ಈ ಅನುಕೂಲವನ್ನು ನುಂಗಿಬಿಡುತ್ತದೆ. ಆದುದರಿಂದಲೇ ಅದೇ ಜುಲೈ 24ರ ಮುಂಗಡಪತ್ರದಲ್ಲಿ ಹಣಕಾಸು ಸಚಿವ ಡಾ. ಮನಮೋಹನ್ ಸಿಂಗ್ ಅವರು ವಿತ್ತೀಯ ಕೊರತೆಯನ್ನು ಇಳಿಸಲು ಮುಂದಾದರು.

1991-92ರಲ್ಲಿ ಚಾಲ್ತಿ ಖಾತೆಯ ಕೊರತೆ ಶೇಕಡ 0.3ರ ಆಸುಪಾಸಿಗೆ ಇಳಿಯಿತು. ಆದರೆ ಇದರಲ್ಲಿ ಬಹುಪಾಲು ಆಮದಿನ ಕಠಿಣ ನಿರ್ಬಂಧಗಳಿಂದ ಬಂದದ್ದು. ಕಚ್ಚಾ ಸಾಮಗ್ರಿಯ ಆಮದಿಗೂ ತಡೆಯುಂಟಾದುದರಿಂದ ಆ ವರ್ಷ ಕೈಗಾರಿಕಾ ಉತ್ಪಾದನೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಪರಿಹಾರದ ಭಾರವನ್ನು ಉದ್ಯೋಗ, ಉತ್ಪಾದನೆಗಳೂ ಹೊರಬೇಕಾಯಿತು.

ಬಾಳಿಕೆಯ ಪರಿಹಾರವಿರುವುದು ಗಳಿಕೆಯ ಹೆಚ್ಚಳದಲ್ಲಿ. 1993ರ ಮಾರ್ಚ್‌ನಿಂದ ವಿನಿಮಯ ದರವನ್ನು ಮುಖ್ಯವಾಗಿ ಮಾರುಕಟ್ಟೆಗೆ ಬಿಡಲಾಯಿತು. ಸಾಫ್ಟ್‌ವೇರ್ ಸೇವೆಗಳ ರಫ್ತು ಮತ್ತು ಹೊರನಾಡಿನವರ ಹಣ ಖಾತೆಗೆ ಬಲ ತಂದವು. 2001-02ರಿಂದ ಮೂರು ವರ್ಷ ಮಿಗತೆಯೂ ಉಂಟಾಯಿತು. ಆದರೂ 2012-13ರಲ್ಲಿ ತೈಲ ಮತ್ತು ಚಿನ್ನದ ಭಾರೀ ಆಮದಿನಿಂದ ಕೊರತೆ ಮತ್ತೆ ಶೇಕಡ 4.8ಕ್ಕೆ ಏರಿತ್ತು. ಸಾಲ ಸುಲಭವಾಗಿ ದೊರೆಯುತ್ತಿರುವಾಗಲೇ ಖಾತೆಯನ್ನು ಸರಿಪಡಿಸಿಕೊಳ್ಳುವ ದೇಶಕ್ಕೆ ಚಿನ್ನವನ್ನು ಒತ್ತೆಯಿಡುವ ಪ್ರಸಂಗ ಬರುವುದಿಲ್ಲ.