ಕ್ಯಾಬಿನ್ನಿಗೂ ಗೂಡಿಗೂ ನಡುವಿನ ಸಂದು

ತರಕಾರಿ ಹೇರಿಕೊಂಡು ಎಪಿಎಂಸಿಗೆ ಹೊರಟ ಪಿಕಪ್ ಗಾಡಿಯೊಂದನ್ನು ಪಕ್ಕದಿಂದ ನೋಡಿ. ಡ್ರೈವರ್ ಕೂರುವ ಕ್ಯಾಬಿನ್ ಬೇರೆ, ಸರಕು ತುಂಬುವ ಹಿಂದಿನ ಬಾಡಿ ಬೇರೆ. ನಡುವೆ ಒಂದೆರಡು ಅಂಗುಲದ ಸಂದು. ಅದರೊಳಗಿಂದ ಆಚೆ ಬದಿಯ ಬೆಳಕು ಕಾಣುತ್ತದೆ. ಗಾಡಿ ವರ್ಷಗಟ್ಟಲೆ ಬಾಳುವುದು ಈ ಸಂದಿನ ಪುಣ್ಯದಿಂದ. ಅಮೆರಿಕದಲ್ಲಿ ಇದೇ ಸಂದನ್ನು ಮಳೆ, ದೂಳು ನುಗ್ಗದಂತೆ ಮುಚ್ಚಿ, ಕ್ಯಾಬಿನ್ನಿನಿಂದ ಹಿಂದಿನ ಗೂಡಿಗೆ ದಾಟುವ ದಾರಿ ಮಾಡಿಕೊಳ್ಳುವ ಒಂದು ಕಸುಬು ಬೆಳೆದಿದೆ. ಹವ್ಯಾಸಿಗಳು ಮನೆಯ ಶೆಡ್ಡಿನಲ್ಲಿ ಮಾಡುತ್ತಾರೆ, ಸಣ್ಣ ಗ್ಯಾರೇಜುಗಳವರು ಮಾಡುತ್ತಾರೆ, ಕೆಲವೊಮ್ಮೆ ದೊಡ್ಡ ಕಾರು ಕಂಪನಿಗಳೂ ಕೈಹಾಕಿವೆ. ಕೆಲಸ ನೋಡಲು ಚಿಕ್ಕದು. ಆದರೆ ಅದನ್ನು ಸರಿಯಾಗಿ ಮಾಡಬೇಕಾದರೆ ಗಾಡಿಯ ಮೈ ಹೇಗೆ ಅಲುಗುತ್ತದೆ, ಗಾಳಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬ ಎರಡೂ ಗೊತ್ತಿರಬೇಕು.

ಕಾರ್ಖಾನೆಯಲ್ಲೇ ಪೂರ್ತಿಯಾಗಿ ತಯಾರಾದ ಪಿಕಪ್ಪನ್ನು ಫೋರ್ಡ್ ಕಂಪನಿ ಹೊರತಂದದ್ದು 1925ರಲ್ಲಿ, ತನ್ನ ಮಾಡೆಲ್ ಟಿ ಗಾಡಿಯ ಮೇಲೆ. ಬೆಲೆ 281 ಡಾಲರ್. ಅಲ್ಲಿಂದಾಚೆ ರೈತ, ಬಡಗಿ, ಪ್ಲಂಬರ್ ಎಲ್ಲರ ಮನೆ ಮುಂದೆಯೂ ಪಿಕಪ್ ನಿಂತಿತು. ಫೋರ್ಡಿನ ಎಫ್ ಸರಣಿಯಂತೂ 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಎಂಬ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ವಾರವಿಡೀ ಮರ, ಸಿಮೆಂಟು ಹೊತ್ತ ಗಾಡಿಯಲ್ಲೇ ಶನಿವಾರ ಕಾಡಿಗೆ ಹೋಗಿ ಮಲಗುವ ಆಸೆಗೆ ಹುಟ್ಟಿದ್ದು ಕ್ಯಾಂಪರ್ ಶೆಲ್: ಹಿಂದಿನ ಬಾಡಿಯ ಮೇಲೆ ಕವುಚಿ ಕೂರಿಸುವ ಫೈಬರ್ ಗಾಜಿನ ಅಥವಾ ಅಲ್ಯೂಮಿನಿಯಂ ಚಾವಣಿ. ಟಾಪರ್, ಕ್ಯಾಪ್, ಕೆನೋಪಿ ಎಂದು ಪ್ರದೇಶಕ್ಕೊಂದು ಹೆಸರು. ಬಾಡಿಯ ಅಂಚಿಗೆ ಒಳಗಿನಿಂದ ಕ್ಲಾಂಪು ಬಿಗಿದರೆ ಸಾಕು, ಕೊರೆಯುವುದು ಬೇಡ, ಬೆಸೆಯುವುದು ಬೇಡ. ಸೋಮವಾರ ಸರಕು ಹೇರಬೇಕಾದಾಗ ಇಬ್ಬರು ಸೇರಿ ಎತ್ತಿ ಕೆಳಗಿಡಬಹುದು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಊರು ಮೋಟಾರು ಮನೆಗಳ ತಯಾರಿಕೆಗೆ ಹೆಸರಾದದ್ದು. ಶೆಲ್ ತಯಾರಿಕೆಯಲ್ಲಿ ದೊಡ್ಡ ಹೆಸರಾದ ಲೀರ್ ಕಂಪನಿಯೂ ಅದೇ ಊರಿನದು.

ವ್ಯಾನ್ ಕೊಂಡರೆ ಮುಂದಿನಿಂದ ಹಿಂದಕ್ಕೆ ಸಲೀಸಾಗಿ ನಡೆದು ಹೋಗಬಹುದಲ್ಲ, ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳಬಹುದು. ಉತ್ತರ ಪಿಕಪ್ ಇಟ್ಟುಕೊಂಡವರ ಬದುಕಿನಲ್ಲಿದೆ. ಒಂದೇ ಗಾಡಿ ದುಡಿಯಬೇಕು, ಮನೆಯೂ ಆಗಬೇಕು, ಕಲ್ಲುದಾರಿ ಹತ್ತುವುದಕ್ಕೆ ನಾಲ್ಕೂ ಚಕ್ರಗಳಿಗೆ ಬಲ ಇರಬೇಕು. ಇಷ್ಟನ್ನು ಮಧ್ಯಮ ವರ್ಗದವರ ಕೈಗೆಟುಕುವ ಬೆಲೆಯಲ್ಲಿ ಕೊಡುವುದು ಪಿಕಪ್ ಮತ್ತು ಶೆಲ್ಲಿನ ಜೋಡಿ. ಅದರಲ್ಲಿ ಇಲ್ಲದ್ದು ನಡುವಿನ ದಾರಿ ಮಾತ್ರ.

ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ದೇಶ ಸುತ್ತಿದ್ದು ಇಂಥ ಜೋಡಿಯಲ್ಲೇ. ಜಿಎಂಸಿ ಪಿಕಪ್ಪಿನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿ, ಅದನ್ನು ಡಾನ್ ಕಿಹೋಟೆಯ ಕುದುರೆಯ ಹೆಸರಾದ ರೋಸಿನಾಂಟೆ ಎಂದು ಕರೆದ. ಆ ಗಾಡಿ ಈಗ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿರುವ ಸ್ಟೈನ್‌ಬೆಕ್ ಕೇಂದ್ರದಲ್ಲಿದೆ. ಮನೆಯ ಬಾಗಿಲು ಇರುವುದು ಹಿಂಬದಿಗೆ. ಮಳೆಯಿರಲಿ, ಹಿಮವಿರಲಿ, ಸ್ಟಿಯರಿಂಗ್ ಬಿಟ್ಟವನು ಕೆಳಗಿಳಿದು ಗಾಡಿಯನ್ನು ಬಳಸಿಕೊಂಡೇ ಒಳಗೆ ಹೋಗಬೇಕು. ಇಂದಿಗೂ ಬಹುಪಾಲು ಶೆಲ್ಲುಗಳ ಸ್ಥಿತಿ ಇದೇ. ಕರಡಿ ಓಡಾಡುವ ಕಾಡಿನಲ್ಲಿ, ನಡುರಾತ್ರಿಯ ಹೆದ್ದಾರಿ ತಂಗುದಾಣದಲ್ಲಿ ಒಂಟಿ ಹೆಣ್ಣುಮಗಳೊಬ್ಬಳಿಗೆ ಕೆಳಗಿಳಿಯದೆ ಮಲಗುವ ಜಾಗ ಸೇರುವುದು, ಏನೋ ಸರಿಯಿಲ್ಲ ಅನಿಸಿದ ಕೂಡಲೇ ಮತ್ತೆ ಡ್ರೈವರ್ ಸೀಟಿಗೆ ಬಂದು ಹೊರಟುಬಿಡುವುದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಮಟ್ಟಿಗೆ ಈ ಕಸುಬಿಗಿರುವ ಅತಿ ಬಲವಾದ ಸಮರ್ಥನೆ ಇದು. ಹಿಂದೆ ಮಲಗಿದ ನಾಯಿಗೆ ಬೇಸಿಗೆಯಲ್ಲಿ ಎಸಿಯ ತಂಪು, ಚಳಿಗಾಲದಲ್ಲಿ ಹೀಟರಿನ ಬಿಸಿ ತಲುಪಿಸುವುದೂ ಅನೇಕರ ಉದ್ದೇಶ.

ಹಾಗಾದರೆ ಎರಡನ್ನೂ ತಗಡಿನಿಂದ ಬೆಸೆದುಬಿಟ್ಟರೇನು? ಪಿಕಪ್ಪಿನ ಕೆಳಗೆ ಏಣಿಯಾಕಾರದ ಉಕ್ಕಿನ ಚಾಸಿ ಇರುತ್ತದೆ. ಕ್ಯಾಬಿನ್ ಅದರ ಮೇಲೆ ದಪ್ಪ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ; ಹಿಂದಿನ ಬಾಡಿಯನ್ನು ಸಾಮಾನ್ಯವಾಗಿ ನೇರವಾಗಿ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಮುಂದಿನ ಬಲಚಕ್ರ ಬಂಡೆ ಹತ್ತಿ ಹಿಂದಿನ ಎಡಚಕ್ರವೂ ದಿಬ್ಬ ಏರಿತೆನ್ನಿ. ಚಾಸಿ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೆಂದೇ ಅದನ್ನು ಮಾಡಿರುವುದು. ಆಗ ಕ್ಯಾಬಿನ್ ಒಂದು ಕಡೆಗೆ ವಾಲುತ್ತದೆ, ಬಾಡಿ ಇನ್ನೊಂದು ಕಡೆಗೆ. ಈ ಎರಡನ್ನು ಗಟ್ಟಿಯಾಗಿ ಕಟ್ಟಿದರೆ ತಿರುಚುವ ಬಲವೆಲ್ಲ ಆ ಕಟ್ಟಿನ ಮೇಲೆ ಬಿದ್ದು ಸಂದಿಗೆ ತುಂಬಿದ ಸಿಲಿಕೋನ್ ಹರಿದುಹೋಗುತ್ತದೆ, ಗಾಜು ಸೀಳುತ್ತದೆ, ತಗಡಿನ ಮೂಲೆಗಳು ಬಿರಿಯುತ್ತವೆ. ಫೋರ್ಡ್ ಕಂಪನಿಯೇ 1961ರಲ್ಲಿ ಕ್ಯಾಬಿನ್ ಮತ್ತು ಬಾಡಿಯನ್ನು ಒಂದೇ ಮೈಯಾಗಿ ಮಾಡಿದ ಪಿಕಪ್ಪನ್ನು ಮಾರುಕಟ್ಟೆಗೆ ಬಿಟ್ಟಿತ್ತು. ನೋಡಲು ಚೆಂದವಿತ್ತು. ಭಾರ ಹೇರಿದರೆ ಬಾಗಿಲು ಹಿಡಿದುಕೊಳ್ಳುತ್ತದೆ ಎಂಬ ದೂರು ಬೆನ್ನುಹತ್ತಿತು. 1963ರ ಹೊತ್ತಿಗೆ ಕಂಪನಿ ಮತ್ತೆ ಸಂದಿನ ಮೊರೆಹೋಯಿತು. ಹೋಂಡಾದ ರಿಡ್ಜ್‌ಲೈನ್ ಎಷ್ಟೋ ದಶಕಗಳ ನಂತರ ಒಂದೇ ಮೈಯ ಪಿಕಪ್ಪನ್ನು ಯಶಸ್ವಿಯಾಗಿ ತಂದಿತಾದರೂ ಅದರ ಬುಡವೇ ಬೇರೆ ಬಗೆಯದು. ಹಳೆಯ ಏಣಿ ಚಾಸಿಯ ಗಾಡಿಗಳಿಗೆ ಆ ವಿದ್ಯೆ ಒಗ್ಗುವುದಿಲ್ಲ.

ಸೇರಿಸಬೇಕು, ಆದರೆ ಕಟ್ಟಿಹಾಕಬಾರದು. ಕಸುಬಿನ ತಿರುಳು ಇಷ್ಟೇ. ಇದಕ್ಕೆ ಬಳಸುವ ಮೆತ್ತನೆಯ ನಡುಕೊಂಡಿಗೆ ಅಲ್ಲಿ ಬೂಟ್ ಎನ್ನುತ್ತಾರೆ. ಕ್ಯಾಬಿನ್ನಿನ ಹಿಂಗಾಜು ಪಕ್ಕಕ್ಕೆ ಸರಿಯುವಂಥದ್ದಾಗಿರಬೇಕು, ಶೆಲ್ಲಿನ ಮುಂಗಿಟಕಿಯೂ ಸರಿಯಬೇಕು ಅಥವಾ ತೆಗೆಯುವಂತಿರಬೇಕು. ಎರಡೂ ಒಂದೇ ಎತ್ತರಕ್ಕೆ ಎದುರುಬದುರಾಗಿ ಬಂದರೆ ಅರ್ಧ ಕೆಲಸ ಮುಗಿಯಿತು. ಎರಡು ಗಾಜುಗಳ ನಡುವಿನ ಮೂರ್ನಾಲ್ಕು ಅಂಗುಲದಲ್ಲಿ ಕಿಟಕಿಯ ಸುತ್ತ ಚೌಕಟ್ಟಿನಂತೆ ಬೂಟ್ ಕೂರುತ್ತದೆ.

ಅತಿ ಸರಳವಾದದ್ದು ಫೋಮಿನದು. ನೀರು ಹೀರದ ಒತ್ತುಫೋಮಿನ ಪಟ್ಟಿಯನ್ನು ಸಂದಿಗಿಂತ ತುಸು ದಪ್ಪಗೆ ಕತ್ತರಿಸಿ, ಒತ್ತಿ ತುರುಕಿ, ಒಂದೇ ಕಡೆಗೆ ಅಂಟು ಹಾಕುವುದು. ಎರಡೂ ಕಡೆಗೆ ಅಂಟಿಸಿದರೆ ಗಾಡಿ ತಿರುಚಿದಾಗ ಫೋಮು ಹರಿಯುತ್ತದೆ; ಒಂದು ಕಡೆ ಬಿಡುಬೀಸಾಗಿದ್ದರೆ ಒರಸಿಕೊಂಡು ಜಾರುತ್ತದೆ, ಮುಚ್ಚಿಯೂ ಇರುತ್ತದೆ. ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ಆದರೆ ಬದಲಿಸುವುದು ಸುಲಭ. ಎರಡನೆಯದು ಗಾಳಿ ತುಂಬುವ ಬೂಟ್. ನೂಲು ಸೇರಿಸಿದ ರಬ್ಬರಿನ ಕೊಳವೆಯನ್ನು ಗಾಳಿಯಿಲ್ಲದೆ ಸಂದಿಗೆ ತೂರಿಸಿ, ಸೈಕಲ್ ಪಂಪಿನಿಂದ ಉಬ್ಬಿಸಿದರೆ ಎರಡೂ ಗೋಡೆಗಳಿಗೆ ಒತ್ತಿ ಕೂರುತ್ತದೆ. ಬಲು ಜಾಣ ಉಪಾಯ. ಬಯಲುಸೀಮೆಯಲ್ಲಿ ಗಟ್ಟಿಯಾಗಿ ಗಾಳಿ ತುಂಬಿಕೊಂಡು ಕೊಲರಾಡೊದ 3,655 ಮೀಟರ್ ಎತ್ತರದ ಲವ್‌ಲ್ಯಾಂಡ್ ಘಾಟಿ ಹತ್ತುವವರು ಮಾತ್ರ ಎಚ್ಚರವಾಗಿರಬೇಕು. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ಕೊಳವೆ ಇನ್ನಷ್ಟು ಉಬ್ಬಿ ಗಾಜನ್ನು ಒತ್ತುತ್ತದೆ. ರಾತ್ರಿಯ ಚಳಿಗೆ ಅದೇ ಕೊಳವೆ ಸಡಿಲಗೊಂಡು ಗಾಳಿ ಸುಳಿಯಲು ಬಿಡುತ್ತದೆ.

ಮೂರನೆಯದು ನಿಜವಾದ ಕುಶಲಕರ್ಮಿಗಳ ಆಯ್ಕೆ: ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ರಬ್ಬರ್ ಅಥವಾ ಮೇಣಬಟ್ಟೆಯ ಕೊಳವೆ. ಇದನ್ನು ಎರಡೂ ಬದಿಗೆ ಬಿಗಿಯಬಹುದು, ಏಕೆಂದರೆ ಚಲನೆಯನ್ನೆಲ್ಲ ಮಡಿಕೆಗಳು ನುಂಗಿಕೊಳ್ಳುತ್ತವೆ. ಮೂಲೆಗಳನ್ನು ಚೌಕವಾಗಿ ಹೊಲಿಯದೆ ದುಂಡಗೆ ಹೊಲಿಯುವುದು, ಕೆಳಮಡಿಕೆಯಲ್ಲಿ ನೀರು ನಿಲ್ಲದಂತೆ ಸಣ್ಣ ತೂತು ಬಿಡುವುದು, ಕ್ಯಾಬಿನ್ನಿನ ಮೇಲ್ಭಾಗದಿಂದ ಇಳಿಯುವ ನೀರಿಗೆ ಚಿಕ್ಕ ಸೂರು ಕೊಡುವುದು, ಇವೆಲ್ಲ ಒಂದೆರಡು ಮಳೆಗಾಲ ಕಂಡ ಕೈಗಳಿಗೆ ಬರುವ ತಿಳಿವಳಿಕೆ. ರೈಲ್ವೆಯವರು ಇದನ್ನು ಎಂದೋ ಕಲಿತಿದ್ದರು. ಪುಲ್‌ಮನ್ ಕಂಪನಿಯ ಹೆನ್ರಿ ಸೆಷನ್ಸ್ 1887ರಲ್ಲಿ ಬೋಗಿಗಳ ನಡುವೆ ತಿದಿಯ ಓಣಿ ಕಟ್ಟಿ ಹಕ್ಕುಪತ್ರ ಪಡೆದ. ಬೆಂಗಳೂರಿನ ರಸ್ತೆಗಳಲ್ಲಿ ಓಡಿದ ಬಿಎಂಟಿಸಿಯ ಉದ್ದನೆಯ ವೆಸ್ಟಿಬ್ಯೂಲ್ ಬಸ್ಸುಗಳ ನಡುವಿದ್ದದ್ದೂ, ನಮ್ಮ ಮೆಟ್ರೋದಲ್ಲಿ ನಾವು ಬೋಗಿಯಿಂದ ಬೋಗಿಗೆ ನಡೆಯುವಾಗ ಕಾಲಡಿಯಲ್ಲಿ ತಿರುಗುವುದೂ ಅದೇ ವಿದ್ಯೆ.

ಕಿಟಕಿಯಷ್ಟೇ ಅಗಲದ ದಾರಿಯಲ್ಲಿ ಮಗು, ನಾಯಿ ದಾಟಬಹುದು. ದೊಡ್ಡವರು ಮೈ ಮುದುಡಿಕೊಂಡು ತೂರಬೇಕು. ಇದಕ್ಕೆ ಒಪ್ಪದವರು ಕ್ಯಾಬಿನ್ನಿನ ಹಿಂಗೋಡೆಯನ್ನೇ ಕತ್ತರಿಸುತ್ತಾರೆ. ಇಲ್ಲಿ ಆತುರ ಸಲ್ಲದು. ಹಿಂಗೋಡೆಯ ತಗಡು, ಈಗಿನ ಗಾಡಿಗಳಲ್ಲಿ ಅಂಟಿನಿಂದ ಕೂರಿಸಿದ ಗಾಜು, ಎರಡೂ ಕ್ಯಾಬಿನ್ನಿಗೆ ಬಲ ಕೊಡುವ ಭಾಗಗಳು. ಕತ್ತರಿಸಿದಷ್ಟಕ್ಕೂ ಸುತ್ತಲೂ ಉಕ್ಕಿನ ಚೌಕಟ್ಟು ಬೆಸೆದು ಬಲ ಮರಳಿಸಬೇಕು. ಉನಿಮಾಗ್‌ನಂಥ ದೊಡ್ಡ ಟ್ರಕ್ಕುಗಳ ಮೇಲೆ ದೂರಯಾನದ ಮನೆ ಕಟ್ಟುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯನ್ನು ಚಾಸಿಯ ಮೇಲೆ ಮೂರೇ ಬಿಂದುಗಳಲ್ಲಿ ತಿರುಗುವಂತೆ ನಿಲ್ಲಿಸುತ್ತಾರೆ. ಚಾಸಿ ಎಷ್ಟು ತಿರುಚಿದರೂ ಮನೆ ತಿರುಚುವುದಿಲ್ಲ. ಆಗ ಕ್ಯಾಬಿನ್ನಿಗೂ ಮನೆಗೂ ನಡುವಿನ ಓಲಾಟ ಹೆಚ್ಚುವುದರಿಂದ ತಿದಿಯೂ ಅಷ್ಟೇ ದೊಡ್ಡದಾಗಬೇಕಾಗುತ್ತದೆ.

ಇನ್ನು ಗಾಳಿಯ ವಿಷಯ. ನಿಜಕ್ಕೂ ಭಯಪಡಬೇಕಾದದ್ದು ಇಲ್ಲಿ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಸೈಲೆನ್ಸರಿನ ಹೊಗೆ ಅಲ್ಲೇ ಸುಳಿದಾಡುತ್ತ ಹಿಂಬಾಗಿಲ ಸಂದಿನಿಂದ ಶೆಲ್ಲಿನೊಳಕ್ಕೆ ಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವ ವಿಷ ಅದು. ಸಿಯಾಟಲ್‌ನ ವೈದ್ಯರು 1992ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟಿಸಿದ ವರದಿ ಈ ಗಾಡಿಗಳ ಬಗ್ಗೆ ಮಾತಾಡುವ ಎಲ್ಲರೂ ತಿಳಿದಿರಬೇಕಾದದ್ದು. ಪಿಕಪ್ಪಿನ ಹಿಂದೆ ಕೂತು ಹೀಗೆ ವಿಷವೇರಿದ 20 ಮಕ್ಕಳಿಗೆ ಅವರು ಚಿಕಿತ್ಸೆ ಕೊಟ್ಟಿದ್ದರು. ಹೆಚ್ಚಿನ ಮಕ್ಕಳು ಗಟ್ಟಿ ಚಾವಣಿಯ ಶೆಲ್ಲಿನೊಳಗಿದ್ದವರು, ಕೆಲವರು ಟಾರ್ಪಾಲಿನಡಿ ಇದ್ದವರು. ಒಂದು ಮಗು ಉಳಿಯಲಿಲ್ಲ. ಎಲ್ಲ ಪ್ರಕರಣಗಳಲ್ಲೂ ಸೈಲೆನ್ಸರ್ ಸೋರುತ್ತಿತ್ತು, ಇಲ್ಲವೇ ಅದರ ಬಾಯಿ ಪಕ್ಕಕ್ಕಿರದೆ ನೇರ ಹಿಂದಕ್ಕಿತ್ತು.

ನಡುದಾರಿ ತೆರೆದರೆ ಈ ಅಪಾಯ ಕ್ಯಾಬಿನ್ನಿಗೂ ಹಬ್ಬುತ್ತದೆ. ಓಡುವಾಗ ಮುಂದಿನ ಕಿಟಕಿ ಇಳಿಸಿದರೆ ಕ್ಯಾಬಿನ್ನಿನ ಗಾಳಿ ಹೊರಗೆ ಸೆಳೆಯಲ್ಪಟ್ಟು, ಆ ಜಾಗಕ್ಕೆ ಶೆಲ್ಲಿನ ಗಾಳಿ ಬರುತ್ತದೆ, ಅದರ ಜತೆಗೆ ಹೊಗೆಯೂ. ಹೀಗಾಗಿ ಬಲ್ಲವರು ಬೂಟ್ ಹಾಕುವ ಮೊದಲು ಹಿಂಬಾಗಿಲ ರಬ್ಬರ್ ಬೀಡಿಂಗ್ ಸರಿಪಡಿಸುತ್ತಾರೆ, ಸೈಲೆನ್ಸರಿನ ಬಾಯಿಯನ್ನು ಪಕ್ಕಕ್ಕೆ ತಿರುಗಿಸುತ್ತಾರೆ, ಹೊರಗಿನ ಗಾಳಿಯನ್ನು ಒಳಗೆಳೆಯುವ ಫ್ಯಾನನ್ನು ಹಾಕಿಕೊಂಡೇ ಓಡಿಸುತ್ತಾರೆ. ಹಿಂದಿರುವವರ ಸುರಕ್ಷೆಗೆ ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯಲ್ಲಿ ಎರಡು ನಿಯಮಗಳಿವೆ. ಕ್ಯಾಂಪರಿನೊಳಗಿಂದ ಡ್ರೈವರನ ಗಮನ ಸೆಳೆಯುವ ಗಂಟೆಯೋ ದೀಪವೋ ಇರಲೇಬೇಕು. ಒಳಗೆ ಜನರಿದ್ದರೆ ಎರಡೂ ಕಡೆಯಿಂದ ತೆರೆಯಬಲ್ಲ ಒಂದು ಬಾಗಿಲಾದರೂ ಇರಬೇಕು. ಬೇರೆ ರಾಜ್ಯಗಳಲ್ಲಿ ಬೇರೆ ನಿಯಮ.

ಹವ್ಯಾಸಿಗಳ ಈ ಬಯಕೆಯನ್ನು ಕಾರ್ಖಾನೆಗಳೂ ಗಮನಿಸಿದವು. 1970ರ ದಶಕದಲ್ಲಿ ಟೊಯೋಟಾದ ಪುಟ್ಟ ಪಿಕಪ್ಪಿನ ಮೇಲೆ ಚಿನೂಕ್ ಕಂಪನಿ ಕಟ್ಟಿದ ಮನೆಗೆ ಸೀಟಿನ ಹಿಂದಿನಿಂದಲೇ ದಾಟಬಹುದಿತ್ತು. ಅದೇ ಕಂಪನಿ 1976 ಮತ್ತು 1977ರಲ್ಲಿ ಶೆವರ್ಲೆ ಬ್ಲೇಜರಿನ ಮೇಲೆ ಶ್ಯಾಲೇ (Chalet) ಎಂಬ ಮಾದರಿಯನ್ನು ಕಟ್ಟಿಕೊಟ್ಟಿತು. ಬ್ಲೇಜರಿಗೆ ಹಿಂಗೋಡೆಯೇ ಇಲ್ಲದ್ದರಿಂದ ಬೂಟಿನ ತಲೆನೋವೂ ಇರಲಿಲ್ಲ. 2001ರಲ್ಲಿ ಬಂದ ಶೆವರ್ಲೆ ಅವಲಾಂಚಿನಲ್ಲಿ ಹಿಂಗೋಡೆ ಬಾಗಿಲಿನ ಹಾಗೆ ಮಡಚಿಕೊಳ್ಳುತ್ತಿತ್ತು. ಶೆವರ್ಲೆಯದೇ ಹೊಸ ವಿದ್ಯುತ್ ಸಿಲ್ವರಾಡೊದಲ್ಲಿ ಆ ವ್ಯವಸ್ಥೆ ಮತ್ತೆ ಬಂದಿದೆ.

ಎಲ್ಲಕ್ಕಿಂತ ದೂರ ಹೋದ ಕಥೆ ಟೊಯೋಟಾದ್ದು. 1980ರ ದಶಕದ ಆರಂಭದಲ್ಲಿ ವಿನೆಬಾಗೊ ಕಂಪನಿ ಟೊಯೋಟಾ ಪಿಕಪ್ಪಿನ ಹಿಂಗೋಡೆ ತೆಗೆದು, ಫೈಬರ್ ಚಾವಣಿ ಹಾಕಿ, ಹಿಂದೆ ಸೀಟು ಕೂರಿಸಿ ಟ್ರೆಕ್ಕರ್ ಎಂದು ಮಾರಿತು. 1984ರಲ್ಲಿ ಟೊಯೋಟಾ ತಾನೇ ಆ ಹಾದಿ ಹಿಡಿದು 4ರನ್ನರ್ ಹೊರತಂದಿತು. ಪಿಕಪ್ಪಿಗೆ ಶೆಲ್ ಹಾಕಿ ಕ್ಯಾಬಿನ್ನಿಗೆ ಸೇರಿಸಿದರೆ ಏನಾಗುತ್ತದೋ ಅದೇ ಎಸ್‌ಯುವಿ. ಬಿಡದಿಯ ಕಾರ್ಖಾನೆಯಿಂದ ಹೊರಬರುವ ಹೈಲಕ್ಸ್ ಪಿಕಪ್ ಮತ್ತು ಫಾರ್ಚೂನರ್ ನಡುವಿನ ನೆಂಟಸ್ತಿಕೆಯೂ ಇಂಥದ್ದೇ, ಎರಡಕ್ಕೂ ಬುಡ ಒಂದೇ ಕುಟುಂಬದ ಚಾಸಿ.

ನಮ್ಮಲ್ಲೂ ಹೈಲಕ್ಸ್, ವಿ-ಕ್ರಾಸ್ ಪಿಕಪ್ಪುಗಳಿಗೆ ಫೈಬರ್ ಚಾವಣಿ ಹಾಕಿಸಿ ಲಡಾಖಿಗೋ ಸ್ಪಿತಿಗೋ ಹೊರಡುವ ಉತ್ಸಾಹಿಗಳಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿದೆ. ಆದ್ದರಿಂದ ಕ್ಯಾಬಿನ್ನಿನ ತಗಡಿಗೆ ಕಟರ್ ತಾಗಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಬರಹದಲ್ಲಿ ಪಡೆಯಿರಿ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಬಾಡಿಗೆಯ ಟ್ರಕ್ ಕ್ಯಾಂಪರಿನಲ್ಲಿ ಸುತ್ತುವ ಹಿರಿಯರೂ ಈಗ ಇದ್ದಾರೆ. ಅವರಿಗೂ ಇಲ್ಲಿನ ಉತ್ಸಾಹಿಗಳಿಗೂ ಒಂದೇ ಬಿನ್ನಹ: ಗೂಡಿನೊಳಗೆ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮೊದಲು ಒತ್ತಿ ನೋಡಿ. ದಾರಿ ಎಷ್ಟೇ ಚೆನ್ನಾಗಿ ಸೇರಿಸಿದ್ದರೂ ಗಾಡಿ ಓಡುವಾಗ ಮಕ್ಕಳನ್ನು ಹಿಂದೆ ಮಲಗಿಸಬೇಡಿ; ಮುಂದೆ ಸೀಟಿನಲ್ಲಿ, ಬೆಲ್ಟ್ ಹಾಕಿ ಕೂರಿಸಿಕೊಳ್ಳಿ.